ರಾಜಕೀಯ ಚಿಂತಕರ ಸಂದರ್ಶನ ಸಂಕಲನವನ್ನು ಓದುವ ಬಗೆ

ರಾಜಕೀಯ ಚಿಂತಕರೊಬ್ಬರ ವಿಚಾರಗಳನ್ನು ತಿಳಿಯಬೇಕೆಂದು ಹೊರಟವರು ಮೊದಲು ಕೈಗೆತ್ತಿಕೊಳ್ಳುವುದು ಅನೇಕ ಸಲ ಅವರ ಸಂದರ್ಶನಗಳ ಸಂಕಲನವನ್ನೇ. ಮೂಲ ಗ್ರಂಥಗಳ ಪರಿಭಾಷೆ ಬಿಗಿಯಾಗಿರುತ್ತದೆ, ವಾದ ನೂರಾರು ಪುಟಗಳವರೆಗೆ ಹರಡಿಕೊಂಡಿರುತ್ತದೆ. ಸಂದರ್ಶನದಲ್ಲಾದರೆ ಅದೇ ವ್ಯಕ್ತಿ ಎದುರಿಗೆ ಕುಳಿತವರಿಗೆ ಅರ್ಥವಾಗುವಂತೆ ಮಾತನಾಡುತ್ತಾರೆ. ಈ ಸಲೀಸುತನ ನಿಜವಾದ ಅನುಕೂಲವೇ ಹೌದು. ಆದರೆ ಅದರಿಂದಲೇ ಒಂದು ತಪ್ಪು ಅಭ್ಯಾಸವೂ ಬೆಳೆಯುತ್ತದೆ: ಪ್ರಶ್ನೆಗಳ ಮೇಲೆ ಕಣ್ಣಾಡಿಸಿ, ಉತ್ತರಗಳನ್ನು ಮಾತ್ರ ಓದಿ, ಚೆನ್ನಾಗಿ ಕಂಡ ವಾಕ್ಯಗಳಿಗೆ ಗೆರೆ ಎಳೆದು, ಅವುಗಳನ್ನೇ ಆ ಚಿಂತಕರ ಸಿದ್ಧಾಂತವೆಂದು ತಿಳಿಯುವುದು. ಸಂದರ್ಶನದಲ್ಲಿ ಬಂದ ಪ್ರತಿಯೊಂದು ಮಾತೂ ಒಂದು ದಿನ, ಒಬ್ಬರು ಕೇಳಿದ ಒಂದು ಪ್ರಶ್ನೆಗೆ ಕೊಟ್ಟ ಉತ್ತರ. ಆ ದಿನವನ್ನೂ ಆ ಪ್ರಶ್ನೆಯನ್ನೂ ಬಿಟ್ಟರೆ ಉತ್ತರದ ಅರ್ಧ ಅರ್ಥ ಕೈಬಿಟ್ಟು ಹೋಗುತ್ತದೆ. ಮುಂದೆ ಹೇಳುವ ಕ್ರಮಗಳೆಲ್ಲವೂ ಈ ಒಂದು ನಂಬಿಕೆಯಿಂದ ಹೊರಟಿವೆ.

ಪುಸ್ತಕ ಕೈಗೆ ಬಂದ ಕೂಡಲೇ ಮೊದಲ ಸಂದರ್ಶನವನ್ನು ಓದಲು ತೊಡಗದೆ, ಪರಿವಿಡಿಯನ್ನು ಎದುರಿಗಿಟ್ಟುಕೊಂಡು ಒಂದು ಹಾಳೆಯಲ್ಲಿ ಕಾಲಾನುಕ್ರಮದ ಪಟ್ಟಿಯನ್ನು ಬರೆದುಕೊಳ್ಳಿ. ಸಂದರ್ಶನ ನಡೆದ ವರ್ಷ, ಪ್ರಕಟವಾದ ವರ್ಷ, ಕೇಳಿದವರ ಹೆಸರು, ಅದು ಮೊದಲು ಬಂದದ್ದು ದಿನಪತ್ರಿಕೆಯಲ್ಲೋ ವಿದ್ವತ್ ಪತ್ರಿಕೆಯಲ್ಲೋ ರೇಡಿಯೋದಲ್ಲೋ ದೂರದರ್ಶನದಲ್ಲೋ ಎಂಬುದು, ಮೂಲ ಭಾಷೆ: ಇಷ್ಟು ಸಾಕು. ಈ ವಿವರಗಳು ಸಾಮಾನ್ಯವಾಗಿ ಪ್ರತಿ ಸಂದರ್ಶನದ ಆರಂಭದ ಟಿಪ್ಪಣಿಯಲ್ಲೋ ಪುಸ್ತಕದ ಕೊನೆಯ ಕೃತಜ್ಞತೆಯ ಪುಟದಲ್ಲೋ ಸಣ್ಣ ಅಕ್ಷರಗಳಲ್ಲಿ ಇರುತ್ತವೆ. ಸಂಪಾದಕರು ಸಂದರ್ಶನಗಳನ್ನು ವಿಷಯಾನುಸಾರ ಜೋಡಿಸಿದ್ದರೆ ಈ ಪಟ್ಟಿ ಇನ್ನೂ ಹೆಚ್ಚು ಅಗತ್ಯ. ಏಕೆಂದರೆ ವಿಷಯಾನುಸಾರದ ಜೋಡಣೆಯಲ್ಲಿ ಇಪ್ಪತ್ತು ವರ್ಷಗಳ ಅಂತರದಲ್ಲಿ ಆಡಿದ ಎರಡು ಮಾತುಗಳು ಅಕ್ಕಪಕ್ಕದ ಪುಟಗಳಲ್ಲಿ ಕುಳಿತು, ಒಂದೇ ಉಸಿರಿನಲ್ಲಿ ಹೇಳಿದವುಗಳಂತೆ ಕಾಣುತ್ತವೆ.

ಪಟ್ಟಿಯ ಪಕ್ಕದಲ್ಲಿ ಇನ್ನೊಂದು ಸಾಲನ್ನು ಖಾಲಿ ಬಿಟ್ಟು, ಆ ಚಿಂತಕರ ಮುಖ್ಯ ಗ್ರಂಥಗಳು ಪ್ರಕಟವಾದ ವರ್ಷಗಳನ್ನೂ ಅವರ ಕಾಲದ ದೊಡ್ಡ ರಾಜಕೀಯ ಘಟನೆಗಳನ್ನೂ ತುಂಬಿಕೊಳ್ಳಿ. ಒಂದು ಗ್ರಂಥ ಹೊರಬರುವ ಮೊದಲು ಕೊಟ್ಟ ಸಂದರ್ಶನದಲ್ಲಿ ಆಲೋಚನೆ ಇನ್ನೂ ರೂಪುಗೊಳ್ಳುತ್ತಿರುತ್ತದೆ. ಗ್ರಂಥ ಬಂದು ವಿವಾದವೆದ್ದ ಮೇಲೆ ಕೊಟ್ಟ ಸಂದರ್ಶನದಲ್ಲಿ ಅದೇ ಆಲೋಚನೆಯನ್ನು ಸಮರ್ಥಿಸಿಕೊಳ್ಳುವ ಅಥವಾ ತಿದ್ದಿಕೊಳ್ಳುವ ಕೆಲಸ ನಡೆದಿರುತ್ತದೆ. ಎರಡನ್ನೂ ಒಂದೇ ರೀತಿಯಲ್ಲಿ ಓದಲಾಗದು.

ಇದಾದ ಮೇಲೆ, ಆರಿಸಿಕೊಂಡ ಒಂದು ಸಂದರ್ಶನದ ಪ್ರಶ್ನೆಗಳನ್ನು ಮಾತ್ರ, ಉತ್ತರಗಳನ್ನು ಬಿಟ್ಟು, ಮೊದಲಿನಿಂದ ಕೊನೆಯವರೆಗೆ ಓದಿ. ಹೊಸ ಓದುಗರಿಗೆ ಇದು ವಿಚಿತ್ರವೆನಿಸಬಹುದು. ಆದರೆ ಈ ಬರಹದಲ್ಲಿ ಹೇಳುವ ಸಲಹೆಗಳಲ್ಲಿ ಒಂದನ್ನೇ ಉಳಿಸಿಕೊಳ್ಳಬೇಕೆಂದರೆ ನಾನು ಇದನ್ನೇ ಉಳಿಸಿಕೊಳ್ಳುತ್ತೇನೆ. ಪ್ರಶ್ನೆಗಳನ್ನಷ್ಟೇ ಓದಿದಾಗ ಸಂದರ್ಶಕರು ಯಾರ ಪರವಾಗಿ ಕೇಳುತ್ತಿದ್ದಾರೆ, ಗ್ರಂಥಗಳನ್ನು ಎಷ್ಟು ಓದಿಕೊಂಡು ಬಂದಿದ್ದಾರೆ, ಯಾವ ಆರೋಪವನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದಾರೆ, ಎಲ್ಲಿ ಒತ್ತಿ ಕೇಳಿದ್ದಾರೆ, ಎಲ್ಲಿ ಸುಮ್ಮನಾಗಿದ್ದಾರೆ ಎಂಬುದೆಲ್ಲ ಬೆಳಕಿಗೆ ಬರುತ್ತದೆ. ಕೆಲವು ಪ್ರಶ್ನೆಗಳು ಚಿಂತಕರ ಮಾತನ್ನೇ ಅವರಿಗೆ ಹಿಂದಿರುಗಿಸಿ ಹೌದೆನಿಸಿಕೊಳ್ಳುವ ಪ್ರಶ್ನೆಗಳು. ಅಂಥವುಗಳಿಗೆ ಬರುವ ಉತ್ತರಗಳು ನಿರರ್ಗಳವಾಗಿರುತ್ತವೆ, ಹೊಸದೇನನ್ನೂ ಹೇಳುವುದಿಲ್ಲ. ಇನ್ನು ಕೆಲವು ಪ್ರಶ್ನೆಗಳು ಚಿಂತಕರು ಒಪ್ಪದ ಊಹೆಯೊಂದನ್ನು ಹೊತ್ತುಕೊಂಡೇ ಬರುತ್ತವೆ. ಆಗ ಉತ್ತರಿಸುವವರು ಮೊದಲು ಪ್ರಶ್ನೆಯನ್ನು ತಿದ್ದಿ, ಅನಂತರ ಮಾತು ಮುಂದುವರಿಸುತ್ತಾರೆ. ಹಾಗೆ ತಿದ್ದಿದ ಜಾಗಗಳಿಗೆ ಅಂಚಿನಲ್ಲಿ ಗುರುತು ಹಾಕಿ. ಒಬ್ಬ ಚಿಂತಕರು ತಮ್ಮನ್ನು ಇತರರಿಂದ ಯಾವ ಗೆರೆಯಲ್ಲಿ ಬೇರ್ಪಡಿಸಿಕೊಳ್ಳುತ್ತಾರೆ ಎಂಬುದು ಅಲ್ಲಿ ಸ್ಪಷ್ಟವಾಗುವಷ್ಟು ಬೇರೆಲ್ಲಿಯೂ ಆಗುವುದಿಲ್ಲ.

ಜರ್ಮನಿಯಲ್ಲಿ ಹುಟ್ಟಿದ ಯಹೂದಿ ಚಿಂತಕಿ ಹನ್ನಾ ಅರೆಂಟ್ ಅವರನ್ನು 1964ರಲ್ಲಿ ಪಶ್ಚಿಮ ಜರ್ಮನಿಯ ದೂರದರ್ಶನಕ್ಕಾಗಿ ಪತ್ರಕರ್ತ ಗುಂಟರ್ ಗೌಸ್ ಸಂದರ್ಶಿಸಿದ್ದನ್ನು ಉದಾಹರಣೆಯಾಗಿ ಸ್ವಲ್ಪ ಹತ್ತಿರದಿಂದ ನೋಡೋಣ. ಗೌಸ್ ಮೊದಲಿಗೆ ಅರೆಂಟ್ ಅವರನ್ನು ತತ್ತ್ವಜ್ಞಾನಿಯೆಂದು ಪರಿಚಯಿಸಿ, ಆ ವಲಯದಲ್ಲಿ ಮಹಿಳೆಯಾಗಿ ಅವರ ಸ್ಥಾನವೇನೆಂಬ ಪ್ರಶ್ನೆಯಿಂದ ಆರಂಭಿಸುತ್ತಾರೆ. ಅರೆಂಟ್ ಉತ್ತರಿಸುವ ಮುನ್ನ ಆಕ್ಷೇಪಿಸುತ್ತಾರೆ: ತಾನು ತತ್ತ್ವಜ್ಞಾನಿಗಳ ವಲಯಕ್ಕೆ ಸೇರಿದವಳಲ್ಲ, ತನ್ನ ಕ್ಷೇತ್ರ ರಾಜಕೀಯ ಸಿದ್ಧಾಂತ, ತತ್ತ್ವಶಾಸ್ತ್ರಕ್ಕೆ ತಾನು ವಿದಾಯ ಹೇಳಿಯಾಗಿದೆ ಎನ್ನುತ್ತಾರೆ. ಮೇಲ್ನೋಟಕ್ಕೆ ಇದು ವಿನಯದ ಮಾತು. ಆದರೆ ಗೌಸ್ ಒಪ್ಪದೆ ಮತ್ತೆ ಕೇಳಿದಾಗ ಅರೆಂಟ್ ವಿವರಿಸುವುದೇನೆಂದರೆ, ತತ್ತ್ವಶಾಸ್ತ್ರಕ್ಕೂ ರಾಜಕೀಯಕ್ಕೂ ನಡುವೆ ಹಳೆಯದೊಂದು ಬಿಕ್ಕಟ್ಟಿದೆ, ಪ್ಲೇಟೋನಿಂದ ಮೊದಲ್ಗೊಂಡು ಬಹುತೇಕ ತತ್ತ್ವಜ್ಞಾನಿಗಳಲ್ಲಿ ರಾಜಕೀಯದ ಬಗ್ಗೆ ಒಂದು ಬಗೆಯ ವೈರವಿದೆ, ತಾನು ಆ ಕಣ್ಣಿನಿಂದ ರಾಜಕೀಯವನ್ನು ನೋಡಲು ಬಯಸುವುದಿಲ್ಲ ಎಂಬುದು. ಪ್ರಶ್ನೆಯನ್ನು ಬಿಟ್ಟು ಉತ್ತರವನ್ನಷ್ಟೇ ಓದಿದವರಿಗೆ ಇದು ವೃತ್ತಿಯ ಹೆಸರಿನ ಬಗೆಗಿನ ಸಣ್ಣ ತಕರಾರಾಗಿ ಕಾಣಬಹುದು. ಪ್ರಶ್ನೆ, ಆಕ್ಷೇಪ, ಮರುಪ್ರಶ್ನೆ, ವಿವರಣೆ ಈ ನಾಲ್ಕನ್ನೂ ಒಂದು ಘಟಕವಾಗಿ ಓದಿದವರಿಗೆ ಅರೆಂಟ್ ಅವರ ಒಟ್ಟು ಕೆಲಸದ ಹಿಂದಿರುವ ಒಂದು ನಿಲುವು ಸಿಗುತ್ತದೆ.

ಅದೇ ಸಂದರ್ಶನದ ಇನ್ನೊಂದು ಭಾಗಕ್ಕೆ ಕಾಲಾನುಕ್ರಮದ ಪಟ್ಟಿ ಬೇಕೇ ಬೇಕು. ಯಹೂದಿಗಳ ಸಾಮೂಹಿಕ ಹತ್ಯೆಯಲ್ಲಿ ಪಾತ್ರ ವಹಿಸಿದ್ದ ನಾತ್ಸಿ ಅಧಿಕಾರಿ ಐಕ್‌ಮನ್‌ನ ವಿಚಾರಣೆಯ ಕುರಿತ ಅರೆಂಟ್ ಅವರ ವರದಿ ಪ್ರಕಟವಾದದ್ದು 1963ರಲ್ಲಿ. ಸಂದರ್ಶನ ನಡೆದದ್ದು ಅದರ ಮರುವರ್ಷ, ವಿವಾದ ಇನ್ನೂ ಆರದಿದ್ದಾಗ. ಯಹೂದಿ ಜನರ ಮೇಲೆ ಅವರಿಗೆ ಪ್ರೀತಿಯಿಲ್ಲವೆಂದು ಯಹೂದಿ ವಿದ್ವಾಂಸ ಗೆರ್ಶೋಮ್ ಶೋಲೆಮ್ ಪತ್ರದಲ್ಲಿ ಮಾಡಿದ್ದ ಆಕ್ಷೇಪಕ್ಕೆ ಅರೆಂಟ್ ಕೊಟ್ಟಿದ್ದ ಉತ್ತರವನ್ನು ಗೌಸ್ ಮುಂದಿಡುತ್ತಾರೆ. ತಾನು ಯಾವ ಜನಸಮುದಾಯವನ್ನೂ ಸಮೂಹವಾಗಿ ಪ್ರೀತಿಸಿದವಳಲ್ಲ, ಪ್ರೀತಿಸುವುದು ಸ್ನೇಹಿತರನ್ನು ಮಾತ್ರ ಎಂಬ ಅರ್ಥದ ಅರೆಂಟ್ ಅವರ ಉತ್ತರ ಬಹಳ ಪ್ರಸಿದ್ಧವಾದುದು. ಇದನ್ನು ಆ ಕ್ಷಣದಲ್ಲಿ ಹೊಳೆದ ಮಾತೆಂದು ಓದಿದರೆ ತಪ್ಪಾಗುತ್ತದೆ, ಏಕೆಂದರೆ ಅವರು ಇದನ್ನು ಬರೆದದ್ದು 1963ರಲ್ಲಿ, ಶೋಲೆಮ್ ಅವರಿಗೆ ಕಳಿಸಿದ ಉತ್ತರದಲ್ಲಿ. ಅಂದರೆ ಇದು ಯೋಚಿಸಿ ಬರೆದ, ಪ್ರಶ್ನೆ ಮತ್ತೆ ಬಂದಾಗ ಬದಲಿಸದೆ ನಿಲ್ಲಿಸಿಕೊಂಡ ನಿಲುವು. ಈ ತಿಳಿವಳಿಕೆಯಿಂದ ಉತ್ತರದ ತೂಕವೇ ಬೇರೆಯಾಗುತ್ತದೆ. ವರದಿಯ ಧ್ವನಿಯ ಕುರಿತ ಪ್ರಶ್ನೆ ಬಂದಾಗ ಮಾತ್ರ ಅವರು ಗ್ರಂಥದಲ್ಲಿ ಇಲ್ಲದ ಒಂದು ಸಂಗತಿಯನ್ನು ಹೊರಗೆಡಹುತ್ತಾರೆ: ಐಕ್‌ಮನ್‌ನ ಪೊಲೀಸ್ ವಿಚಾರಣೆಯ 3,600 ಪುಟಗಳ ದಾಖಲೆಯನ್ನು ಓದುವಾಗ ಎಷ್ಟೋ ಸಲ ಗಟ್ಟಿಯಾಗಿ ನಕ್ಕಿದ್ದಾಗಿ ಹೇಳುತ್ತಾರೆ. ಇಂಥ ಕಡೆ ಸಂದರ್ಶನವು ಗ್ರಂಥಕ್ಕೆ ಏನನ್ನೋ ಕೂಡಿಸುತ್ತದೆ. ಬರೆದದ್ದನ್ನೇ ಪುನರುಚ್ಚರಿಸುವ ಉತ್ತರ ಯಾವುದು, ಬರೆದದ್ದಕ್ಕೆ ಹೊಸದನ್ನು ಸೇರಿಸುವ ಉತ್ತರ ಯಾವುದು ಎಂದು ಬೇರ್ಪಡಿಸಿ ಗುರುತಿಸುವುದು ಈ ಬಗೆಯ ಪುಸ್ತಕವನ್ನು ಓದುವ ಕೌಶಲದ ತಿರುಳು.

ಹಾಗೆ ಬೇರ್ಪಡಿಸಲು ಒಂದು ಸರಳ ಉಪಾಯವಿದೆ. ಸಂಕಲನವನ್ನು ಓದುತ್ತಾ ಹೋದಂತೆ ಒಂದೇ ಉದಾಹರಣೆ, ಒಂದೇ ಹೋಲಿಕೆ, ಒಂದೇ ವಾಕ್ಯ ಮತ್ತೆ ಮತ್ತೆ ಬರುವುದು ಗಮನಕ್ಕೆ ಬರುತ್ತದೆ. ಓದುಗರಿಗೆ ಇದರಿಂದ ಬೇಸರವಾಗುವುದು ಸಹಜ. ಆದರೂ ಪುಟ ಹಾರಿಸಬೇಡಿ. ಪ್ರತಿ ಪುನರಾವರ್ತನೆಯ ಪುಟಸಂಖ್ಯೆಯನ್ನೂ ವರ್ಷವನ್ನೂ ಒಂದೇ ಕಡೆ ಬರೆದಿಟ್ಟು, ಎಲ್ಲವೂ ಸೇರಿದ ಮೇಲೆ ಸಾಲಾಗಿ ಓದಿ ನೋಡಿ. ವಾಕ್ಯ ಹಾಗೆಯೇ ಉಳಿದಿದ್ದರೆ ಅದು ಚಿಂತಕರ ಸ್ಥಿರ ನಿಲುವು, ಅಥವಾ ಸಾರ್ವಜನಿಕವಾಗಿ ಹೇಳಿ ಹೇಳಿ ರೂಢಿಯಾದ ಮಾತು. ಅದರಲ್ಲಿ ಒಂದು ಪದ ಬಿದ್ದುಹೋಗಿದ್ದರೆ, ಒಂದು ಷರತ್ತು ಸೇರಿಕೊಂಡಿದ್ದರೆ, ಖಚಿತವಾಗಿದ್ದ ಮಾತು ಅನುಮಾನದ ಧಾಟಿಗೆ ತಿರುಗಿದ್ದರೆ, ಆ ಎರಡು ವರ್ಷಗಳ ನಡುವೆ ಏನಾಯಿತೆಂದು ಕಾಲಾನುಕ್ರಮದ ಪಟ್ಟಿಗೆ ಹೋಗಿ ಹುಡುಕಬೇಕು. ಚಿಂತಕರೊಬ್ಬರ ಮನಸ್ಸು ಬದಲಾದದ್ದನ್ನು ಗ್ರಂಥಗಳಿಗಿಂತ ಮೊದಲೇ ಸಂದರ್ಶನಗಳು ತೋರಿಸಿಕೊಡುವುದುಂಟು.

ಮುಂದಿನ ಪ್ರಶ್ನೆ, ಮುದ್ರಿತ ಪಠ್ಯ ಹೇಗೆ ತಯಾರಾಯಿತು ಎಂಬುದು. ಆಡಿದ ಮಾತು ಪುಸ್ತಕದ ಪುಟಕ್ಕೆ ನೇರವಾಗಿ ಬರುವುದಿಲ್ಲ. ಧ್ವನಿಮುದ್ರಣವನ್ನು ಯಾರೋ ಬರಹಕ್ಕಿಳಿಸುತ್ತಾರೆ, ತಡವರಿಕೆಗಳನ್ನೂ ಪುನರುಕ್ತಿಗಳನ್ನೂ ತೆಗೆಯುತ್ತಾರೆ, ಸಂಪಾದಕರು ಕತ್ತರಿಸುತ್ತಾರೆ, ಹಲವು ಬಾರಿ ಚಿಂತಕರು ಸ್ವತಃ ಕರಡನ್ನು ತಿದ್ದುತ್ತಾರೆ. ಹೀಗೆ ತಿದ್ದಿದ ಪಠ್ಯ ಕೀಳೇನಲ್ಲ. ಅದು ಮಾತಿನ ವೇಷದಲ್ಲಿರುವ ಬರಹ, ಅಷ್ಟನ್ನು ತಿಳಿದು ಓದಬೇಕು. ತತ್ತ್ವಜ್ಞಾನಿ ಮಾರ್ಟಿನ್ ಹೈಡೆಗರ್ ಅವರು ಜರ್ಮನಿಯ ಡೆರ್ ಶ್ಪೀಗೆಲ್ ವಾರಪತ್ರಿಕೆಗೆ 1966ರ ಸೆಪ್ಟೆಂಬರ್‌ನಲ್ಲಿ ಕೊಟ್ಟ ಸಂದರ್ಶನವನ್ನು ತಾವು ಬದುಕಿರುವಾಗ ಪ್ರಕಟಿಸಕೂಡದೆಂಬ ಷರತ್ತು ಹಾಕಿದ್ದರು. ಅದರ ಮುಖ್ಯ ವಸ್ತು 1933ರಲ್ಲಿ ಅವರು ಫ್ರೈಬುರ್ಗ್ ವಿಶ್ವವಿದ್ಯಾಲಯದ ರೆಕ್ಟರ್, ಅಂದರೆ ಮುಖ್ಯಸ್ಥರು, ಆಗಿದ್ದಾಗಿನ ನಡವಳಿಕೆ ಮತ್ತು ನಾತ್ಸಿ ಆಡಳಿತದೊಂದಿಗಿನ ಅವರ ಸಂಬಂಧ. ಅವರು 1976ರ ಮೇ 26ರಂದು ತೀರಿಕೊಂಡರು, ಸಂದರ್ಶನ ಮೇ 31ರ ಸಂಚಿಕೆಯಲ್ಲಿ ಬಂತು. ಕರಡನ್ನು ಅವರೇ ತಿದ್ದಿದ್ದರು. ಅದನ್ನು ಓದಿ ಮರುಪ್ರಶ್ನೆ ಕೇಳುವ ಅವಕಾಶ ಯಾರಿಗೂ ಉಳಿಯಲಿಲ್ಲ. ಈ ವಿವರ ಗೊತ್ತಿದ್ದ ಓದುಗರು ಅಲ್ಲಿನ ಪ್ರತಿ ಉತ್ತರವನ್ನೂ, ಇದು ಮುಂದಿನ ಪೀಳಿಗೆಗಾಗಿ ಸಿದ್ಧಪಡಿಸಿಟ್ಟ ಹೇಳಿಕೆ ಎಂಬ ಎಚ್ಚರದಿಂದಲೇ ಓದುತ್ತಾರೆ.

ಇದಕ್ಕೆ ತದ್ವಿರುದ್ಧವಾದ ಸನ್ನಿವೇಶವೂ ಇದೆ. ಫ್ರೆಂಚ್ ತತ್ತ್ವಜ್ಞಾನಿ ಜಾನ್-ಪಾಲ್ ಸಾರ್ತ್ರ್ ಅವರು ಬೆನ್ನಿ ಲೆವಿಯವರೊಂದಿಗೆ ನಡೆಸಿದ ಸಂಭಾಷಣೆಗಳು 1980ರ ಮಾರ್ಚ್‌ನಲ್ಲಿ, ಅವರು ತೀರಿಕೊಳ್ಳುವುದಕ್ಕೆ ಕೆಲವೇ ವಾರಗಳ ಮುಂಚೆ, ಫ್ರಾನ್ಸ್‌ನ ಪತ್ರಿಕೆಯೊಂದರಲ್ಲಿ ಬಂದವು. ಆ ಹೊತ್ತಿಗೆ ಸಾರ್ತ್ರ್ ಅವರ ದೃಷ್ಟಿ ಬಹುತೇಕ ಹೋಗಿತ್ತು, ಲೆವಿ ಸಾರ್ತ್ರ್ ಅವರ ಕಾರ್ಯದರ್ಶಿಯಾಗಿದ್ದರು. ಹಿಂದಿನ ಹಲವು ನಿಲುವುಗಳಿಂದ ದೂರ ಸರಿದಂತೆ ತೋರುವ ಆ ಮಾತುಗಳನ್ನು ಓದಿ ಸಾರ್ತ್ರ್ ಅವರ ಜೀವನಸಂಗಾತಿ, ಲೇಖಕಿ ಸಿಮೋನ್ ದ ಬೊವಾ ತೀವ್ರವಾಗಿ ನೊಂದು ವಿರೋಧಿಸಿದರು. ಸಾರ್ತ್ರ್ ಅವರು ಪ್ರಕಟಣೆ ಆಗಲೇಬೇಕೆಂದು ಪಟ್ಟುಹಿಡಿದರು. ಅಲ್ಲಿ ಯಾರ ದನಿ ಮೇಲುಗೈ ಪಡೆದಿದೆ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಇಂಥ ಪಠ್ಯವನ್ನು ಓದುವಾಗ ನನ್ನ ಸಲಹೆ ಇಷ್ಟೇ: ಚಿಂತಕರ ಒಂದೊಂದು ಉತ್ತರದ ಪಕ್ಕದಲ್ಲಿಯೂ ಆ ವಿಚಾರ ಮೊದಲು ಯಾರ ಬಾಯಿಂದ ಬಂತೆಂದು ಬರೆದುಕೊಳ್ಳಿ. ಸಂದರ್ಶಕರು ಮಂಡಿಸಿದ್ದನ್ನು ಚಿಂತಕರು ಒಪ್ಪಿದ್ದಾರೆಯೇ, ಅಥವಾ ತಾವಾಗಿಯೇ ಮಂಡಿಸಿದ್ದಾರೆಯೇ ಎಂಬ ವ್ಯತ್ಯಾಸ ಹತ್ತು ಪುಟಗಳೊಳಗೆ ಕಣ್ಣಿಗೆ ಕಟ್ಟುತ್ತದೆ.

ಸಂದರ್ಶಕರು ಚಿಂತಕರಷ್ಟೇ ಸಿದ್ಧತೆಯಿಂದ ಬಂದು, ಒಪ್ಪದ ಕಡೆ ಒಪ್ಪದೆ ನಿಂತ ಸಂಕಲನಗಳು ಸಿಕ್ಕರೆ ಅವುಗಳಿಗೆ ಹೆಚ್ಚು ಸಮಯ ಕೊಡಿ. ಬ್ರಿಟನ್ನಿನ ಎಡಪಂಥೀಯ ಪತ್ರಿಕೆ ನ್ಯೂ ಲೆಫ್ಟ್ ರಿವ್ಯೂದ ಮೂವರು, ಸಂಸ್ಕೃತಿ ವಿಮರ್ಶಕ ರೇಮಂಡ್ ವಿಲಿಯಮ್ಸ್ ಅವರ ಗ್ರಂಥಗಳನ್ನು ಒಂದೊಂದಾಗಿ ಎತ್ತಿಕೊಂಡು, ತಪ್ಪೆಂದು ಕಂಡದ್ದನ್ನು ಅವರ ಮುಂದೆಯೇ ತಪ್ಪೆಂದು ಹೇಳಿ ಉತ್ತರ ಕೇಳಿದ ಸಂದರ್ಶನಗಳು 1979ರಲ್ಲಿ ಪುಸ್ತಕವಾಗಿ ಬಂದಾಗ, ಸಂದರ್ಶನ ಎಂಬ ಪ್ರಕಾರ ಎಷ್ಟು ಗಟ್ಟಿಯಾದ ವಿಮರ್ಶೆಯಾಗಬಲ್ಲುದೆಂಬುದು ಗೊತ್ತಾಯಿತು. ಅಭಿಮಾನದಿಂದ ಕೇಳಿದ ಪ್ರಶ್ನೆಗಳ ಇನ್ನೂರು ಪುಟಗಳಿಗಿಂತ ಇಂಥ ಇಪ್ಪತ್ತು ಪುಟಗಳು ಓದುಗರಿಗೆ ಹೆಚ್ಚು ಕೊಡುತ್ತವೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮಾತಿನಲ್ಲಿ ಬಂದ ವಾಸ್ತವಾಂಶಗಳ ವಿಷಯ ಬೇರೆ. ಗ್ರಂಥ ಬರೆಯುವಾಗ ಲೇಖಕರ ಮುಂದೆ ಆಕರಗಳಿರುತ್ತವೆ. ಸಂದರ್ಶನದಲ್ಲಿ ನೆನಪು ಮಾತ್ರ ಇರುತ್ತದೆ. ಡಾ. ಬಿ. ಆರ್. ಅಂಬೇಡ್ಕರ್ ಅವರು 1955ರಲ್ಲಿ ಬಿಬಿಸಿಗೆ ಕೊಟ್ಟ ಸಂದರ್ಶನದಲ್ಲಿ ಗಾಂಧೀಜಿಯವರ ಬಗ್ಗೆ ಕಟುವಾಗಿ ಮಾತನಾಡಿದ್ದಾರೆ. ದಲಿತರ ರಾಜಕೀಯ ಪ್ರಾತಿನಿಧ್ಯದ ಬಗ್ಗೆ ಇಬ್ಬರ ನಡುವೆ ಪುಣೆ ಒಪ್ಪಂದ ನಡೆದು ಆಗ ಇಪ್ಪತ್ತಮೂರು ವರ್ಷ ಕಳೆದಿತ್ತು, ಗಾಂಧೀಜಿ ತೀರಿಕೊಂಡು ಏಳು ವರ್ಷವಾಗಿತ್ತು. ತಾನು ಗಾಂಧಿಯವರನ್ನು ಎದುರಾಳಿಯಾಗಿ ಭೇಟಿಯಾದವನು, ಆದ್ದರಿಂದಲೇ ಭಕ್ತರಾಗಿ ಹೋದವರಿಗಿಂತ ಅವರನ್ನು ಚೆನ್ನಾಗಿ ಬಲ್ಲೆ ಎಂದು ಅವರು ತಾವು ನಿಂತ ನೆಲೆಯನ್ನು ಮೊದಲೇ ತೆರೆದಿಡುತ್ತಾರೆ. ಈ ಮಾತನ್ನು ಓದುಗರು ಗಂಭೀರವಾಗಿ ಪರಿಗಣಿಸಬೇಕು. ಅದು ಪೂರ್ವಗ್ರಹದ ಒಪ್ಪಿಗೆಯಲ್ಲ, ತನ್ನ ಸಾಕ್ಷ್ಯ ಎಲ್ಲಿಂದ ಬಂದದ್ದೆಂಬ ವಿವರಣೆ. ಮುಂದೆ ಅವರು, ಗಾಂಧೀಜಿ ಇಂಗ್ಲಿಷ್ ಪತ್ರಿಕೆಯಲ್ಲಿ ಜಾತಿವ್ಯವಸ್ಥೆಯ ವಿರೋಧಿಯಂತೆಯೂ ಗುಜರಾತಿ ಪತ್ರಿಕೆಯಲ್ಲಿ ಅದರ ಸಮರ್ಥಕರಂತೆಯೂ ಬರೆಯುತ್ತಿದ್ದರು, ಎರಡನ್ನೂ ಹೋಲಿಸಿ ಓದಬೇಕು ಎನ್ನುತ್ತಾರೆ. ಇದು ಅಭಿಪ್ರಾಯವಲ್ಲ, ಪರಿಶೀಲಿಸಬಹುದಾದ ಹೇಳಿಕೆ. ಒಪ್ಪುವವರೂ ಒಪ್ಪದವರೂ ಮೊದಲು ಮಾಡಬೇಕಾದ ಕೆಲಸ ಆ ಬರಹಗಳನ್ನು ದಿನಾಂಕ ಸಹಿತ ತೆಗೆದು ನೋಡುವುದು. ಅದರ ಜೊತೆಗೆ ಅಂಬೇಡ್ಕರ್ ಅವರು ಇದೇ ವಿಷಯದ ಮೇಲೆ 1930 ಮತ್ತು 1940ರ ದಶಕಗಳಲ್ಲಿ ಬರೆದ ಗ್ರಂಥಗಳಲ್ಲಿ ವಾದ ಹೇಗೆ ಆಧಾರಸಹಿತವಾಗಿ ಬೆಳೆದಿದೆ ಎಂಬುದನ್ನೂ ನೋಡಿದರೆ, ಸಂದರ್ಶನದ ಕಾವು ಯಾವ ದೀರ್ಘ ಅನುಭವದಿಂದ ಬಂದದ್ದೆಂಬುದು ಅರ್ಥವಾಗುತ್ತದೆ. ಸಂದರ್ಶನದ ಒಂದು ತುಣುಕನ್ನು ಮಾತ್ರ ಕೇಳಿ ಪರವೋ ವಿರೋಧವೋ ಎಂದು ನಿರ್ಧರಿಸುವುದು ಇಬ್ಬರು ನಾಯಕರಿಗೂ ಮಾಡುವ ಅನ್ಯಾಯ.

ಅಂಚಿನಲ್ಲಿ ಗುರುತು ಹಾಕುವಾಗ ಇಂಥ ಪರಿಶೀಲಿಸಬೇಕಾದ ಹೇಳಿಕೆಗಳಿಗೆ ಒಂದು ಚಿಹ್ನೆ, ಮೌಲ್ಯನಿರ್ಣಯಗಳಿಗೆ ಇನ್ನೊಂದು ಚಿಹ್ನೆ ಇಟ್ಟುಕೊಳ್ಳಿ. ಭವಿಷ್ಯದ ಬಗ್ಗೆ ಹೇಳಿದ ಮಾತುಗಳಿಗೆ ಪ್ರತ್ಯೇಕ ಗುರುತು ಬೇಕಾಗುತ್ತದೆ. ಸಂದರ್ಶಕರು ಎಲ್ಲ ರಾಜಕೀಯ ಚಿಂತಕರನ್ನೂ ಮುಂದೇನಾಗುತ್ತದೆ ಎಂದು ಕೇಳಿಯೇ ಕೇಳುತ್ತಾರೆ. ಆ ಉತ್ತರಗಳು ನಿಜವಾದವೋ ಸುಳ್ಳಾದವೋ ಎಂದು ಇಂದಿನಿಂದ ತೀರ್ಪು ಕೊಡುವುದು ಸುಲಭ, ಆದರೆ ಅದರಿಂದ ದೊರೆಯುವುದು ಕಡಿಮೆ. ಯಾವ ಕಾರಣಗಳ ಮೇಲೆ ಆ ನಿರೀಕ್ಷೆ ನಿಂತಿತ್ತು ಎಂಬುದನ್ನು ಹುಡುಕಿದರೆ ಚಿಂತಕರು ಸಮಾಜವನ್ನು ನಡೆಸುವ ಶಕ್ತಿಗಳೆಂದು ಯಾವುದನ್ನು ಕಂಡಿದ್ದರು ಎಂಬುದು ಗೊತ್ತಾಗುತ್ತದೆ.

ಸಂವಾದ ಅಥವಾ ಚರ್ಚೆಯ ರೂಪದ ಪಠ್ಯಗಳೂ ಸಂಕಲನಗಳಲ್ಲಿ ಸೇರಿರುತ್ತವೆ. ಅಮೆರಿಕದ ಭಾಷಾವಿಜ್ಞಾನಿ ನೋಮ್ ಚಾಮ್‌ಸ್ಕಿ ಮತ್ತು ಫ್ರೆಂಚ್ ಚಿಂತಕ ಮಿಶೆಲ್ ಫೂಕೋ ಅವರು 1971ರಲ್ಲಿ ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ನಲ್ಲಿ ದೂರದರ್ಶನಕ್ಕಾಗಿ ನಡೆಸಿದ ಚರ್ಚೆ ಇದಕ್ಕೆ ಹೆಸರಾದ ನಿದರ್ಶನ. ಮನುಷ್ಯ ಸ್ವಭಾವದಿಂದ ಆರಂಭವಾದ ಮಾತು ನ್ಯಾಯ ಮತ್ತು ಅಧಿಕಾರದ ಪ್ರಶ್ನೆಗೆ ಬಂದಾಗ ಇಬ್ಬರೂ ಒಂದೇ ವಿಷಯದ ಮೇಲೆ ಮಾತನಾಡುತ್ತಿದ್ದಾರೋ ಇಲ್ಲವೋ ಎಂಬ ಅನುಮಾನ ಹುಟ್ಟುತ್ತದೆ. ಇಂಥ ಪಠ್ಯವನ್ನು ಎರಡು ಸಲ ಓದುವುದು ಒಳ್ಳೆಯದು: ಮೊದಲ ಓದಿನಲ್ಲಿ ಒಬ್ಬರ ಮಾತುಗಳನ್ನಷ್ಟೇ ಅನುಸರಿಸಿ, ಎರಡನೆಯ ಓದಿನಲ್ಲಿ ಇನ್ನೊಬ್ಬರ ಮಾತುಗಳನ್ನು. ಗೆದ್ದವರು ಯಾರು ಎಂಬ ಪ್ರಶ್ನೆ ಆಗ ತಾನಾಗಿ ಹಿಂದೆ ಸರಿದು, ಇಬ್ಬರೂ ಯಾವ ಪ್ರಶ್ನೆಯನ್ನು ಮುಖ್ಯವೆಂದು ಎತ್ತಿಕೊಂಡಿದ್ದರು ಎಂಬುದು ಮುಂದೆ ಬರುತ್ತದೆ. ಅದೇ ಫೂಕೋ 1980ರಲ್ಲಿ ಫ್ರಾನ್ಸ್‌ನ ಲ ಮೊಂದ್ ಪತ್ರಿಕೆಗೆ ಹೆಸರು ಹೇಳದೆ ಸಂದರ್ಶನ ಕೊಟ್ಟಿದ್ದರು; ಹೇಳಿದವರು ಯಾರೆಂಬುದು ಗೊತ್ತಿಲ್ಲದಿದ್ದರೆ ಓದುಗರು ಆ ಮಾತಿಗೇ ಕಿವಿಗೊಡುತ್ತಾರೆ ಎಂಬುದು ಅದರ ಹಿಂದಿನ ಆಶಯ. ಸಂಕಲನವೊಂದರ ನಡುವೆ ಆಗೊಮ್ಮೆ ಈಗೊಮ್ಮೆ ಹೆಸರನ್ನು ಮರೆತು ಒಂದು ಉತ್ತರವನ್ನು ಓದಿ, ಇದನ್ನು ಬೇರೆ ಯಾರಾದರೂ ಹೇಳಿದ್ದರೆ ಒಪ್ಪುತ್ತಿದ್ದೆನೇ ಎಂದು ಕೇಳಿಕೊಳ್ಳುವುದು ಉಪಯುಕ್ತ ಅಭ್ಯಾಸ.

ಮೂಲ ಗ್ರಂಥಕ್ಕೆ ಯಾವಾಗ ಹೋಗಬೇಕು? ಪೂರ್ತಿ ಸಂಕಲನ ಮುಗಿಯುವವರೆಗೆ ಕಾಯಬೇಕಾಗಿಲ್ಲ. ಎರಡು ಮೂರು ಸಂದರ್ಶನಗಳಲ್ಲಿ ಒಂದೇ ಗ್ರಂಥದ, ಒಂದೇ ಅಧ್ಯಾಯದ ಪ್ರಸ್ತಾಪ ಬಂದರೆ ಅಲ್ಲಿಗೆ ಪುಸ್ತಕ ಮುಚ್ಚಿ, ಆ ಅಧ್ಯಾಯವನ್ನಷ್ಟೇ ತಂದು ಓದಿ, ಮತ್ತೆ ಸಂದರ್ಶನಕ್ಕೆ ಮರಳಿ. ಒಂದು ಗ್ರಂಥದ ಮೂವತ್ತು ಪುಟಗಳನ್ನು ಓದಿಕೊಂಡು ಬಂದವರಿಗೆ ಅದೇ ಸಂದರ್ಶನ ಬೇರೆಯಾಗಿಯೇ ಕೇಳಿಸುತ್ತದೆ: ಚಿಂತಕರು ಎಲ್ಲಿ ಸರಳಗೊಳಿಸಿದ್ದಾರೆ, ಎಲ್ಲಿ ತೊಡಕಿನ ಭಾಗವನ್ನು ಬದಿಗಿಟ್ಟಿದ್ದಾರೆ, ಎಲ್ಲಿ ಗ್ರಂಥಕ್ಕಿಂತ ಸ್ಪಷ್ಟವಾಗಿ ಹೇಳಿದ್ದಾರೆ ಎಂಬುದು ತಿಳಿಯುತ್ತದೆ. ಸಂಕಲನದ ಸಂಪಾದಕರ ಮುನ್ನುಡಿಯನ್ನು ನಾನು ಈ ಹಂತದಲ್ಲಿ ಓದಲು ಹೇಳುತ್ತೇನೆ, ಆರಂಭದಲ್ಲಲ್ಲ. ಮೊದಲೇ ಓದಿದರೆ ಅವರ ಒತ್ತುಗಳೇ ನಮ್ಮ ಒತ್ತುಗಳಾಗುತ್ತವೆ. ಈಗ ಓದಿದರೆ ಅವರು ಬಿಟ್ಟದ್ದೂ ಕಾಣುತ್ತದೆ.

ಅನುವಾದದ ಬಗ್ಗೆ ಒಂದು ಮಾತು ಸಾಕು. ಮುಖ್ಯ ಪರಿಕಲ್ಪನೆಯೊಂದಕ್ಕೆ ಬೇರೆ ಬೇರೆ ಸಂದರ್ಶನಗಳಲ್ಲಿ ಬೇರೆ ಬೇರೆ ಪದಗಳು ಬಂದಿದ್ದರೆ, ಚಿಂತಕರು ಮಾತು ಬದಲಿಸಿದರೆಂದು ಭಾವಿಸುವ ಮೊದಲು ಅನುವಾದಕರು ಒಬ್ಬರೇ ಆಗಿದ್ದರೇ ಎಂದು ನೋಡಿ.

ಕೊನೆಗೆ, ಉಲ್ಲೇಖಿಸುವ ವಿಧಾನ. ಸಂದರ್ಶನದ ವಾಕ್ಯಗಳು ಚಿಕ್ಕದಾಗಿ, ಚುರುಕಾಗಿ ಇರುವುದರಿಂದ ಬೇಗ ಕೈಯಿಂದ ಕೈಗೆ ಹೋಗುತ್ತವೆ, ಹೋಗುತ್ತಾ ಹೋಗುತ್ತಾ ಪ್ರಶ್ನೆಯನ್ನು ಕಳಚಿಕೊಳ್ಳುತ್ತವೆ. ಆದ್ದರಿಂದ ಟಿಪ್ಪಣಿ ಪುಸ್ತಕದಲ್ಲಿ ಉತ್ತರವನ್ನು ಬರೆದುಕೊಳ್ಳುವಾಗಲೆಲ್ಲ ಅದರ ಮೇಲೆ ಪ್ರಶ್ನೆಯನ್ನು ಪೂರ್ತಿಯಾಗಿ ಅಥವಾ ಒಂದು ಸಾಲಿನ ಸಾರಾಂಶವಾಗಿ ಬರೆಯಿರಿ. ಕೆಳಗೆ ವರ್ಷ, ಕೇಳಿದವರು, ಮಾಧ್ಯಮ, ಪುಟಸಂಖ್ಯೆ ಇರಲಿ. ಸಂಕಲನ ಪ್ರಕಟವಾದ ವರ್ಷವನ್ನು ಮಾತು ಆಡಿದ ವರ್ಷವೆಂದು ಬರೆಯುವ ತಪ್ಪು ಬಹಳ ಸಾಮಾನ್ಯ. ಎರಡನ್ನೂ ಬೇರೆಯಾಗಿ ನಮೂದಿಸಿ. ಬರೆಯುವ ಲೇಖನದಲ್ಲಿ ಆ ವಾಕ್ಯವನ್ನು ಬಳಸುವಾಗ, ಇಂಥ ವರ್ಷ ಇಂಥವರು ಇಂಥ ಪ್ರಶ್ನೆ ಕೇಳಿದಾಗ ಹೀಗೆಂದರು ಎಂದು ಬರೆದರೆ ಒಂದು ಸಾಲು ಹೆಚ್ಚಾಗುತ್ತದೆ. ಅರೆಂಟ್ ಅವರ ಪ್ರೀತಿಯ ಕುರಿತ ಉತ್ತರದ ಜೊತೆಗೆ ಗೌಸ್ ಅವರ ಪ್ರಶ್ನೆಯೂ ಶೋಲೆಮ್ ಅವರ ಪತ್ರದ ಪ್ರಸ್ತಾಪವೂ ಬಂದಾಗ, ಓದುವವರು ಆ ಉತ್ತರವನ್ನು ಒಪ್ಪಬಹುದು, ತಿರಸ್ಕರಿಸಬಹುದು, ಆದರೆ ಯಾವ ಆಕ್ಷೇಪಕ್ಕೆ ಅದು ಉತ್ತರವೆಂಬುದನ್ನು ತಿಳಿದೇ ಹಾಗೆ ಮಾಡುತ್ತಾರೆ.